ಚಿತ್ರದೊಳಗಿನ ಊರು ಮತ್ತು ನಮ್ಮ ಡ್ರಾಯಿಂಗ್ ಮಾಸ್ತರರು

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟು ಹೋದಳು. "ಇದರಲ್ಲಿ ನಾಲ್ಕಾರು ಒಳ್ಳೆಯ ಸಿನಿಮಾ ಹಾಕಿದ್ದೇನೆ, ಬೇಸರವಾದಾಗ ನೋಡಿರಿ" ಎಂದಳು. ನಿವೃತ್ತನಾದ ಮನುಷ್ಯನಿಗೆ ಬೇಸರದ ಹೊರತು ಬೇರೆ ಉದ್ಯೋಗವಿಲ್ಲವೆಂದು ಮಕ್ಕಳು ಭಾವಿಸಿರುತ್ತಾರೆ. ಇರಲಿ. ಹಿಂಗಾರಿ ಬಿತ್ತನೆಯ ಗಡಿಬಿಡಿ ಮುಗಿದ ಮೇಲೆ ಒಂದು ಸಂಜೆ ಅದನ್ನು ತೆರೆದೆ. ಮೊದಲನೆಯ ಚಿತ್ರವೇ ಜಪಾನಿ ಭಾಷೆಯದು. ಇಂಗ್ಲಿಷಿನಲ್ಲಿ 'ವಿಲೇಜ್ ಆಫ್ ಡ್ರೀಮ್ಸ್' ಎಂದು ಹೆಸರು. ಮೂಲ ಜಪಾನಿ ಹೆಸರಿನ ಅರ್ಥ 'ಚಿತ್ರದೊಳಗಿನ ನನ್ನ ಹಳ್ಳಿ' ಎಂದಾಗುತ್ತದಂತೆ. ನನಗೆ ಈ ಎರಡನೆಯ ಹೆಸರೇ ಹಿಡಿಸಿತು.

1996ರಲ್ಲಿ ಬಂದ ಈ ಚಿತ್ರದ ನಿರ್ದೇಶಕರು ಯೊಯಿಚಿ ಹಿಗಾಶಿ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಬಂದಿತು. ಕಥೆಯೆಂಬುದು ಬಹಳವೇನೂ ಇಲ್ಲ. ಸೇಯಿಜೊ ತಾಶಿಮಾ ಮತ್ತು ಯುಕಿಹಿಕೊ ತಾಶಿಮಾ ಎಂಬ ಅವಳಿ ಸಹೋದರರು ಜಪಾನಿನಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗಾಗಿ ಹೆಸರಾದ ಕಲಾವಿದರು. ಅವರಲ್ಲಿ ಸೇಯಿಜೊ ಬರೆದ ಬಾಲ್ಯದ ನೆನಪುಗಳೇ ಚಿತ್ರಕ್ಕೆ ಆಧಾರ. ಯುದ್ಧ ಮುಗಿದು ಮೂರು ವರ್ಷಗಳಾದ ಮೇಲೆ, 1948ರಲ್ಲಿ, ಕೊಚಿ ಎಂಬ ಪ್ರಾಂತದ ಒಂದು ಹಳ್ಳಿ. ಎಂಟು ವರ್ಷದ ಇಬ್ಬರು ಹುಡುಗರು ಮೀನು ಹಿಡಿಯುತ್ತಾರೆ, ಕೆಸರಿನಲ್ಲಿ ಹೊರಳುತ್ತಾರೆ, ತಮ್ಮತಮ್ಮಲ್ಲೇ ಗುದ್ದಾಡುತ್ತಾರೆ, ಕಂಡದ್ದನ್ನೆಲ್ಲ ಚಿತ್ರ ಬಿಡಿಸುತ್ತಾರೆ. ಅವರ ತಾಯಿ ಅದೇ ಊರಿನ ಶಾಲೆಯ ಶಿಕ್ಷಕಿ. ಸೆಂಜಿ ಎಂಬ ಬಡವರ ಹುಡುಗನೊಬ್ಬ ಅವರಿಗೆ ಗೆಳೆಯನಾಗುತ್ತಾನೆ. ಮರದ ಮೇಲೆ ಮೂವರು ಮುದುಕಿಯರು ಕುಳಿತು ಕೆಳಗೆ ನಡೆಯುವುದನ್ನೆಲ್ಲ ನೋಡಿ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಆ ಮುದುಕಿಯರು ದೆವ್ವಗಳೋ ದೇವತೆಗಳೋ ನನಗೆ ತಿಳಿಯಲಿಲ್ಲ. ಗಣಿತದ ಶಿಕ್ಷಕನಾದ್ದರಿಂದ ಇಂಥವು ಬಂದಾಗ ನನಗೆ ಸ್ವಲ್ಪ ಕಸಿವಿಸಿ.

ಚಿತ್ರ ಎರಡು ತಾಸಿಗಿಂತ ಕಡಿಮೆಯೇ. ಆದರೆ ಅರ್ಧಕ್ಕೇ ನಿಲ್ಲಿಸಿ ನಾನು ನಮ್ಮ ಡ್ರಾಯಿಂಗ್ ಮಾಸ್ತರರಿಗೆ ಫೋನು ಮಾಡಿದೆ. ಇದನ್ನು ಒಬ್ಬನೇ ನೋಡುವುದು ಸರಿಯಲ್ಲವೆನಿಸಿತು.

ನನ್ನ ವಿದ್ಯಾರ್ಥಿಗಳಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಹೆಸರು ಬರೆಯುವುದು ಅವರಿಗೆ ಇಷ್ಟವಾಗಲಾರದು, ಆದ್ದರಿಂದ ಬರೆದಿಲ್ಲ. ಬಂಧುಗಳ ತಿಳಿವಳಿಕೆಗಾಗಿ ಎರಡು ಮಾತು. ಅವರು ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಸ್ಥಾಪಿಸಿದ ವಿಜಯ ಕಲಾಮಂದಿರದಲ್ಲಿ ಕಲಿತು ಬಂದವರು. ಉತ್ತರ ಕರ್ನಾಟಕದ ಎಷ್ಟೋ ಶಾಲೆಗಳ ಚಿತ್ರಕಲಾ ಶಿಕ್ಷಕರು ಆ ಸಂಸ್ಥೆಯಿಂದ ಬಂದವರೇ. ನಾನು ಸೇರಿದ ನಾಲ್ಕು ವರ್ಷಗಳ ಮೇಲೆ ಅವರು ನಮ್ಮ ಶಾಲೆಗೆ ಬಂದರು. ಇಬ್ಬರೂ ಹೊಸರಿತ್ತಿಯಲ್ಲಿ ಮನೆ ಮಾಡಿದ್ದೆವು. ಸೈಕಲ್ಲಿನ ಮೇಲೆ ಜೊತೆಯಾಗಿ ಹೋಗುವುದು, ಜೊತೆಯಾಗಿ ಬರುವುದು. ರವಿವಾರ ವರದಾ ನದಿಯ ದಂಡೆಗೆ ಹೋಗಿ ಕುಳಿತರೆ ಅವರು ಚಿತ್ರ ಬಿಡಿಸುವರು, ನಾನು ಉತ್ತರಪತ್ರಿಕೆ ತಿದ್ದುವೆನು. ಮಾತು ಕಡಿಮೆ. ಆ ಮೌನಕ್ಕೆ ಸ್ನೇಹವೆಂಬ ಹೆಸರಿದೆಯೆಂದು ಆಗ ನನಗೆ ತೋಚಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಅವರ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳೆಲ್ಲ ನೆರೆಯುತ್ತಿದ್ದರು. ನಮ್ಮ ಭಾಗದಲ್ಲಿ ಕಲೆಯೆಂಬುದು ಪಂಚಾಂಗದೊಳಗೇ ಇದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೆ ಜೋಕುಮಾರ. ಬಿತ್ತುವ ಕರಿಮಣ್ಣನ್ನೇ ಕಲಸಿ ದೇವರನ್ನು ಮಾಡಿ, ಪೂಜಿಸಿ, ಮತ್ತೆ ನೀರಿಗೆ ಬಿಡುವುದು. ಮಾಸ್ತರರು ಎತ್ತು ಮಾಡಿಕೊಡುತ್ತಿರಲಿಲ್ಲ. ಮಕ್ಕಳಿಂದಲೇ ಮಾಡಿಸುತ್ತಿದ್ದರು. ಇಣಿ ದೊಡ್ಡದಾದರೆ ತಿದ್ದುತ್ತಿರಲಿಲ್ಲ. "ನಿಮ್ಮ ಮನಿ ಎತ್ತಿನ ಇಣಿ ಹಿಂಗ ಐತೇನಲೇ? ಹೋಗಿ ಕೈ ಆಡಿಸಿ ನೋಡಿ ಬಾ" ಎಂದು ಕಳಿಸುತ್ತಿದ್ದರು. ಹುಡುಗ ದನದ ಕೊಟ್ಟಿಗೆಗೆ ಓಡಿಹೋಗಿ ಎತ್ತಿನ ಮೈದಡವಿ ಬಂದು ತಾನೇ ಸರಿಪಡಿಸುತ್ತಿದ್ದ. ಕಣ್ಣಿಗೆ ಗುಲಗಂಜಿ.

ಜಪಾನಿ ಸಿನಿಮಾ ನಮಗೆ ಪೂರ್ತಿ ಹೊಸದೇನಲ್ಲ. 1980ರ ದಶಕದ ಕೊನೆಯಲ್ಲಿ ಒಮ್ಮೆ ಇಬ್ಬರೂ ಹೆಗ್ಗೋಡಿಗೆ ಹೋಗಿದ್ದೆವು. ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು 1973ರಲ್ಲೇ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ನಡುವಿನ ಆ ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸತೊಡಗಿತ್ತು. ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸುತ್ತಿತ್ತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದ್ದು ನೆನಪಿದೆ, ನಮಗೇ ಬಂದಂತೆ. ಹೆಗ್ಗೋಡಿನಲ್ಲಿ ನಾವು ಕುರೊಸಾವಾ ಅವರ 'ರಶೋಮನ್' ನೋಡಿದೆವು. ನನಗೆ ಅರ್ಧ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಆ ಊರಿನ ರೈತರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತ, ಯಾರ ಮಾತು ನಂಬಬೇಕೆಂದು ನನ್ನೊಡನೆ ವಾದಕ್ಕಿಳಿದರು. ಮರುದಿನ ಬಸ್ಸಿಗಾಗಿ ಕಾಯುವಾಗ ಮಾಸ್ತರರು, "ನಮ್ಮ ಹೊಳಿ ತವರುಮನಿಗೆ ಬಂದಂಗಾತು ನೋಡ್ರಿ" ಎಂದರು. ವರದೆ ಹುಟ್ಟುವುದು ಸಾಗರದ ಹತ್ತಿರ ವರದಾಮೂಲದಲ್ಲಿ. ಹೆಗ್ಗೋಡೂ ಸಾಗರ ತಾಲ್ಲೂಕೇ. ಅಲ್ಲಿಂದ ಬನವಾಸಿಯ ಮೇಲೆ ಹಾಯ್ದು, ನಮ್ಮೂರ ಪಕ್ಕ ಹರಿದು, ಮುಂದೆ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಗಣಿತದವನಾದ ನನಗೆ ಆ ಸಂಬಂಧ ಹೊಳೆದಿರಲಿಲ್ಲ.

ಮಾಸ್ತರರು ಬಂದರು. ಈಗ ಬಲಗೈ ನಡುಗುತ್ತದೆ. ಚಹದ ಬಟ್ಟಲನ್ನು ಎರಡೂ ಕೈಯಿಂದ ಹಿಡಿಯುತ್ತಾರೆ. ಚಿತ್ರವನ್ನು ಮೊದಲಿನಿಂದ ಹಚ್ಚಿದೆ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು. ಹತ್ತು ನಿಮಿಷವಾದ ಮೇಲೆ ಅವರು ಕೈ ಎತ್ತಿ, "ಸಾಕ್ರಿ ಸರ, ನೀವು ಸುಮ್ಮನ ನೋಡ್ರಿ, ನನಗ ತಿಳೀತೈತಿ" ಎಂದರು. ಮೂವರು ಮುದುಕಿಯರು ಬಂದಾಗ ಅವರಿಗೆ ಯಾವ ಕಸಿವಿಸಿಯೂ ಆಗಲಿಲ್ಲ. "ಅಗಸಿ ಕಟ್ಟಿ ಮ್ಯಾಲೆ ಕುಂತಾವ್ರು ಅಲ್ಲೇನ್ರಿ ಅವ್ರು? ಜಪಾನದಾಗ ಗಿಡಾ ಹತ್ಯಾರ, ಅಷ್ಟ" ಎಂದು ನಕ್ಕರು. ಒಂದು ಕಡೆ ಮಾತ್ರ ಅಸಮಾಧಾನ ತೋರಿಸಿದರು. ಹಸಿರು ಬಹಳವಾಯಿತಂತೆ. ನಮ್ಮ ಕಡೆ ಹಸಿರು ಮೂರು ತಿಂಗಳ ಅತಿಥಿ, ಆಮೇಲೆ ನೆಲ ಕಾಣಬೇಕು, ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ ಕಣ ಕಾಣಬೇಕು, ಆಗಲೇ ಅವರಿಗೆ ಚಿತ್ರವೆನಿಸುವುದು. ನಡುವೆ ವಿದ್ಯುತ್ತು ಹೋಯಿತು. ಬ್ಯಾಟರಿಯ ಪುಣ್ಯದಿಂದ ಚಿತ್ರ ನಿಲ್ಲಲಿಲ್ಲ. ಕತ್ತಲಲ್ಲಿ ಇಬ್ಬರು ಮುದುಕರು ಅಂಗೈ ಅಗಲದ ಬೆಳಕಿನಲ್ಲಿ ಯಾವುದೋ ದೇಶದ ಹುಡುಗರು ಮೀನು ಹಿಡಿಯುವುದನ್ನು ನೋಡುತ್ತ ಕುಳಿತೆವು.

ನಾನು ನೋಡುತ್ತಿದ್ದುದು ಆ ಹುಡುಗರನ್ನಲ್ಲ, ಅವರ ತಾಯಿಯನ್ನು. ಮಿಯೆಕೊ ಹರಾದಾ ಎಂಬ ನಟಿಯ ಪಾತ್ರ. ಶಿಕ್ಷಕಿ, ಮನೆಯಲ್ಲಿ ಗದರುವಳು, ಆದರೆ ಮಕ್ಕಳ ಕೈಯಿಂದ ಬಣ್ಣ ಕಸಿದುಕೊಂಡವಳಲ್ಲ. ನಾನು ಕಸಿದುಕೊಂಡವನು. ಇದನ್ನು ಎಂದಾದರೂ ಬರೆಯಬೇಕಿತ್ತು, ಈಗ ಬರೆಯುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ವಾರಕ್ಕೆ ಎರಡು ಚಿತ್ರಕಲೆಯ ಪೀರಿಯಡ್ಡುಗಳಿದ್ದವು, ಬುಧವಾರ ಒಂದು, ಶನಿವಾರ ಒಂದು. ಒಂದು ವರ್ಷ ಎಸ್.ಎಸ್.ಎಲ್.ಸಿ. ಗಣಿತದ ಫಲಿತಾಂಶ ಕುಸಿಯಿತು. ಮೇಲಿನಿಂದ ಪ್ರಶ್ನೆಗಳು ಬಂದವು. ಮರುವರ್ಷ ನಾನು ಮಾಸ್ತರರನ್ನು ಕೇಳಿ ಹತ್ತನೆಯ ವರ್ಗದ ಶನಿವಾರದ ಪೀರಿಯಡ್ಡನ್ನು ತೆಗೆದುಕೊಂಡೆ. "ತಗೋರಿ ಸರ, ಅದಕ್ಕೇನಾತು" ಎಂದರು. ಆಮೇಲೆ ಬುಧವಾರದ್ದು. ಆಮೇಲೆ ಒಂಬತ್ತನೆಯ ವರ್ಗದ್ದು, ತಳಪಾಯ ಗಟ್ಟಿಯಾಗಬೇಕೆಂಬ ನೆಪದಲ್ಲಿ. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟೆ. ಗಂಟೆ ಬಾರಿಸಿದೊಡನೆ ನಾನೇ ಚಾಕ್‌ಪೀಸು ಹಿಡಿದು ಹೋಗಿ ನಿಲ್ಲುತ್ತಿದ್ದೆ. ಅವರು ಬಾಗಿಲಿನವರೆಗೆ ಬಂದು, ನನ್ನನ್ನು ಕಂಡು, ಹಿಂದಿರುಗುತ್ತಿದ್ದರು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂಡುವ ಮಕ್ಕಳಿಗೆ ಅವರು ಸಂಜೆ ಐದರ ಮೇಲೆ ಮನೆಯಲ್ಲಿ ಹೇಳಿಕೊಟ್ಟರು. ಫಲಿತಾಂಶ ಏರಿತು. ನನಗೆ ಶಾಲು ಹೊದಿಸಿದರು. ಆ ಸಮಾರಂಭದ ವೇದಿಕೆಯ ಹಿಂದಿನ ಪರದೆಗೆ ಅಕ್ಷರ ಬರೆದವರೂ ಅವರೇ.

ಬಿ.ಎಡ್. ಪರೀಕ್ಷೆಯಲ್ಲಿ ನಾನು ವಾರ್ಧಾ ಶಿಕ್ಷಣ ಯೋಜನೆಯ ಮೇಲೆ ಹತ್ತು ಪುಟ ಬರೆದು ಒಳ್ಳೆಯ ಅಂಕ ಪಡೆದವನು. 1937ರಲ್ಲಿ ಗಾಂಧೀಜಿ ಮುಂದಿಟ್ಟ ವಿಚಾರ, ಜಾಕಿರ್ ಹುಸೇನ್ ಸಮಿತಿಯ ವರದಿ, ಕೈ ಕಲಿಯದೆ ತಲೆ ಕಲಿಯದೆಂಬ ತತ್ತ್ವ, ಎಲ್ಲವೂ ಬಾಯಿಪಾಠ. ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹೊಸರಿತ್ತಿಯಲ್ಲೇ ನನ್ನ ವಾಸ. ಗಾಂಧಿ ಗ್ರಾಮೀಣ ಗುರುಕುಲದ ಮಕ್ಕಳು ಖಾದಿ ತೊಟ್ಟು ಹೊಲದಲ್ಲಿ ಕೆಲಸ ಮಾಡುವುದನ್ನು ಕಂಡವನು. ಕಂಡು ಮೆಚ್ಚಿ, ಶಾಲೆಗೆ ಹೋಗಿ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಬೀಜಗಣಿತ ಮಾಡುತ್ತಿದ್ದೆ.

ಸಿನಿಮಾ ಮುಗಿದ ಮೇಲೆ ಇದನ್ನು ಮಾಸ್ತರರ ಮುಂದೆ ಹೇಳಿದೆ. ಕಂದೀಲು ಹಚ್ಚಿರಲಿಲ್ಲ, ಮುಖ ಕಾಣುತ್ತಿರಲಿಲ್ಲ, ಅದರಿಂದ ಹೇಳುವುದು ಸುಲಭವಾಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹುಡುಗೂರು ಲೆಕ್ಕದಾಗ ಪಾಸಾದ್ರಲ್ರಿ" ಎಂದರು. ಕ್ಷಮಿಸಿದರೋ, ಕುಟುಕಿದರೋ ತಿಳಿಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಮ್ಮಿ ಗೊಟಗೋಡಿಗೆ ಹೋಗೂಣೇನ್ರಿ?" ಎಂದು ಕೇಳಿದರು.

ಹೋಗುವ ಮೊದಲು ಇನ್ನೊಂದು ಸಂಗತಿ. ತಾಶಿಮಾ ಸಹೋದರರ ಬಗ್ಗೆ ತಿಳಿಯುವ ಕುತೂಹಲದಿಂದ ಮಗಳ ಸಹಾಯ ಪಡೆದು ಓದಿದೆ. ಜಪಾನಿನ ನಿಯಿಗಾತಾ ಪ್ರಾಂತದಲ್ಲಿ, ತೋಕಾಮಾಚಿ ನಗರಕ್ಕೆ ಸೇರಿದ ಹಾಚಿ ಎಂಬ ಪುಟ್ಟ ಊರಿದೆ. ಹಿಮ ಬಹಳ ಬೀಳುವ ಸೀಮೆ. ಅಲ್ಲಿನ ಸಾನದಾ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ 2005ರಲ್ಲಿ ಮುಚ್ಚಿತು. ಕೊನೆಗೆ ಉಳಿದಿದ್ದವರು ಮೂವರೇ ವಿದ್ಯಾರ್ಥಿಗಳು. ಸೇಯಿಜೊ ತಾಶಿಮಾ ಆ ಖಾಲಿ ಶಾಲೆಯನ್ನೇ ಒಂದು ಚಿತ್ರಪುಸ್ತಕವನ್ನಾಗಿ ಮಾಡಿದರು. ಹಾಳೆಯ ಮೇಲಲ್ಲ, ಕೋಣೆಕೋಣೆಗಳ ತುಂಬ. ನೀರಿನಲ್ಲಿ ತೇಲಿಬಂದ ಕಟ್ಟಿಗೆ, ಕಾಡಿನ ಕಾಯಿಬೀಜಗಳು, ಅವುಗಳಿಗೆ ಬಣ್ಣ. ಊರವರೂ ಕೈಗೂಡಿಸಿದರು. ಕಥೆಯ ನಾಯಕರು ಆ ಕೊನೆಯ ಮೂವರು ಮಕ್ಕಳೇ. ಅವರು ಮತ್ತೆ ಶಾಲೆಗೆ ಬರುತ್ತಾರೆ, ನೆನಪುಗಳನ್ನು ತಿನ್ನುವ ಒಂದು ಭೂತ ಅಲ್ಲಿರುತ್ತದೆ. 2009ರಲ್ಲಿ ಅದು ಚಿತ್ರಪುಸ್ತಕ ಮತ್ತು ಕಾಯಿಬೀಜಗಳ ಕಲಾಸಂಗ್ರಹಾಲಯವೆಂಬ ಹೆಸರಿನಿಂದ ತೆರೆಯಿತು. ಮೂವರು ಮಕ್ಕಳಿಗಾಗಿ ಇಡೀ ಶಾಲೆ! ಮೂವತ್ತೈದು ವರ್ಷ ಕಲಿಸಿದ ನನಗೆ ಎಷ್ಟು ಮಕ್ಕಳ ಮುಖ ನೆನಪಿದೆ ಎಂದು ಆ ರಾತ್ರಿ ಲೆಕ್ಕ ಹಾಕತೊಡಗಿ, ನಡುವೆಯೇ ಬಿಟ್ಟೆ.

ಗೊಟಗೋಡಿ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಬದಿಗೆ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಕೂಸು. ಪಕ್ಕದ ಊರಿನವನಾದರೂ ನನಗೆ ಅದು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ತಾಣ ಮಾತ್ರವಾಗಿತ್ತು. ಮಕ್ಕಳನ್ನು ಎಣಿಸುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು. ಈ ಸಲ ಎಣಿಸಲು ಯಾರೂ ಇರಲಿಲ್ಲ. ಸಾವಿರಕ್ಕೂ ಹೆಚ್ಚು ಶಿಲ್ಪಗಳು, ಬಹುಪಾಲು ಆಳೆತ್ತರದವು. ಕಂಬಾರ, ಬಡಿಗ, ಕುಂಬಾರ, ಬೀಸುವ ಕಲ್ಲಿನ ಮುಂದೆ ಹೆಂಗಸರು, ಎತ್ತು, ಎಮ್ಮೆ. ಯಂತ್ರ ಬರುವ ಮೊದಲಿನ ನಮ್ಮ ಊರು ನಿಂತಲ್ಲೇ ನಿಂತಿದೆ. ಸೊಲಬಕ್ಕನವರು ದೊಡ್ಡಾಟವನ್ನು ಮತ್ತೆ ಜನರ ಮುಂದೆ ತರಲು ದುಡಿದವರು, ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 2020ರಲ್ಲಿ ತೀರಿಕೊಂಡರು. ಊರ ಹೊರಗೆ ಬಯಲಲ್ಲಿ ಆ ಊರನ್ನು ಕಟ್ಟಿ, ಜನ ಬಂದಾರೆಂದು ನಂಬಿ ಕುಳಿತ ಅವರ ಧೈರ್ಯವನ್ನು ಮೆಚ್ಚಬೇಕು. ಕೆಲವು ಕಡೆ ಬಣ್ಣ ಗಾಢವಾಯಿತೆಂದು ನನಗೆ ತೋರಿತು. ಮಾಸ್ತರರು ಒಪ್ಪಲಿಲ್ಲ. "ಜಾತ್ರ್ಯಾಗ ಹೆಣ್ಮಕ್ಕಳು ಎಂಥಾ ಸೀರಿ ಉಡ್ತಾರ್ರಿ? ಹಂಗ ಇರಬೇಕು" ಎಂದರು.

ಕುರಿಗಾರರ ಶಿಲ್ಪಗಳ ಮುಂದೆ ಅವರು ನಿಂತುಬಿಟ್ಟರು. ಕಂಬಳಿ ಹೊದ್ದ ಕುರಿಗಾರ, ಅವನ ಮುಂದೆ ಕುರಿಗಳು. ನಡುಗುವ ಕೈಯನ್ನು ಒಂದು ಕುರಿಯ ಬೆನ್ನ ಮೇಲಿಟ್ಟು ಕೇಳಿದರು:

"ಸರ, ನಮ್ಮ ಸಾಲಿ ಹಿಂದಿನ ಗ್ವಾಡಿ ನೆನಪೈತೇನ್ರಿ?"

ನೆನಪಿತ್ತು. ಯಾರೋ ಇದ್ದಿಲಿನಿಂದ ಇಡೀ ಗೋಡೆಗೆ ಕುರಿಹಿಂಡು ಬಿಡಿಸಿದ್ದರು. ತನಿಖೆಗೆ ಅಧಿಕಾರಿಗಳು ಬರುವವರಿದ್ದರು. ಆ ವರ್ಷ ಶಾಲೆಯ ವ್ಯವಸ್ಥೆಯ ಹೊಣೆ ನನ್ನ ಮೇಲಿತ್ತು. ಸುಣ್ಣ ಹಚ್ಚಿಸಿದೆ. ಒಮ್ಮೆ ಹಚ್ಚಿದರೆ ಇದ್ದಿಲಿನ ಗೆರೆ ಮುಚ್ಚಲಿಲ್ಲ. ಎರಡನೆಯ ಸಲ ಹಚ್ಚಿಸಿದ್ದರಿಂದಲೇ ಅದು ನೆನಪಿನಲ್ಲಿ ಉಳಿದದ್ದು, ಖರ್ಚು ಹೆಚ್ಚಾಯಿತೆಂದು.

ಬಿಡಿಸಿದವನು ಒಂಬತ್ತನೆಯ ವರ್ಗದ ಒಬ್ಬ ಹುಡುಗನಂತೆ. ಕುರಿ ಕಾಯುವ ಮನೆತನದವನು. ವಾರದಲ್ಲಿ ಎರಡೇ ದಿನ ಶಾಲೆಗೆ ಬರುತ್ತಿದ್ದ, ಬುಧವಾರ ಮತ್ತು ಶನಿವಾರ. ಉಳಿದ ದಿನ ಅಣ್ಣನೊಡನೆ ಕುರಿಗಳ ಹಿಂದೆ. ಡ್ರಾಯಿಂಗ್ ಪೀರಿಯಡ್ಡು ಹೋದ ಮೇಲೆಯೂ ಎರಡು ಮೂರು ವಾರ ಬಂದು ನೋಡಿದ. ಸಂಜೆ ಮನೆಗೆ ಬಾ ಎಂದು ಮಾಸ್ತರರು ಹೇಳಿದರೂ, ಸಂಜೆ ಕುರಿ ಹಟ್ಟಿಗೆ ಹೊಡೆಯುವ ಹೊತ್ತು. ಆಮೇಲೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದವನು ವರ್ಗಶಿಕ್ಷಕನಾಗಿದ್ದ ನಾನೇ ಇರಬೇಕು. ಗೋಡೆ ನೆನಪಿದೆ, ಎರಡು ಸಲ ಹಚ್ಚಿದ ಸುಣ್ಣ ನೆನಪಿದೆ. ಹುಡುಗನ ಮುಖ ಎಷ್ಟು ತಡಕಿದರೂ ಬರಲೊಲ್ಲದು.

"ಅವತ್ತ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ನೀವು ಕೇಳಲಿಲ್ಲಲ್ರಿ" ಎಂದರು. ಸಿಟ್ಟಿನಿಂದಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಕುಳಿತು ಮಿರ್ಚಿ ತಿಂದೆವು. ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅವರಿಗೆ ನಿದ್ದೆ ಹತ್ತಿತು.

ಮರುದಿನ ಮುಂಜಾನೆ ಮೊಮ್ಮಗನ ಕೈಯಲ್ಲಿ ಒಂದು ಕಾಗದ ಕಳಿಸಿದ್ದರು. ಹಳೆಯ ಟ್ರಂಕಿನಲ್ಲಿ ಇದ್ದದ್ದಂತೆ. ಮಡಿಕೆಯಲ್ಲಿ ಹರಿಯುವಂತಾಗಿದೆ. ಏಳು ಕುರಿಗಳು, ಒಂದು ನಾಯಿ, ಹೊಳೆಯ ದಂಡೆ. ಒಂದು ಕುರಿ ಮಾತ್ರ ತಿರುಗಿ ನೋಡುತ್ತಿದೆ. ಇಷ್ಟು ಕಡಿಮೆ ಗೆರೆಗಳಲ್ಲಿ ಕುರಿಯ ಉಣ್ಣೆ ಹೇಗೆ ಬಂದಿತೆಂಬುದು ನನಗೆ ಬಿಡಿಸಲಾಗದ ಲೆಕ್ಕ. ಹಿಂದೆ ತಿರುಗಿಸಿದರೆ ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ. ನನ್ನದೇ ಕೆಂಪು ಶಾಯಿ: ಇಪ್ಪತ್ತೈದಕ್ಕೆ ಮೂರು. ಕೆಳಗೆ ನನ್ನ ಸಹಿ.

ಹೆಸರು ಅದರ ಮೇಲಿದೆ, ಊರೂ ಇದೆ. ಆತನ ಒಪ್ಪಿಗೆಯಿಲ್ಲದೆ ಇಲ್ಲಿ ಬರೆಯುವುದು ಸರಿಯಲ್ಲ. ಆ ಊರಿಗೆ ಹೋಗಿ ವಿಚಾರಿಸಿದೆ. ಆ ಮನೆಯವರು ಬಹಳ ವರ್ಷಗಳ ಹಿಂದೆಯೇ ಕುರಿ ಮಾರಿ ಊರು ಬಿಟ್ಟಿದ್ದಾರೆ. ಕೆಲವರು ಗೋವೆ ಎಂದರು, ಕೆಲವರು ಪುಣೆ ಎಂದರು. 1996-97ರಲ್ಲಿ ನನ್ನ ಕೈಯಲ್ಲಿ ಒಂಬತ್ತನೆಯ ವರ್ಗದಲ್ಲಿದ್ದವರೇ, ಬುಧವಾರ ಮತ್ತು ಶನಿವಾರ ಮಾತ್ರ ಬಂದು ಕಿಟಕಿಯ ಪಕ್ಕದ ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗ ಯಾರೆಂದು ನಿಮಗೆ ಗೊತ್ತಾಗಿರಬಹುದು. ನಿಮ್ಮಂತೆ ಆತನಿಗೂ ಈಗ ನಲವತ್ತು ದಾಟಿರುತ್ತದೆ. ಎಲ್ಲಿದ್ದಾನೆಂಬುದು ತಿಳಿದಿದ್ದರೆ ದಯವಿಟ್ಟು ನನಗೊಂದು ಮಾತು ತಿಳಿಸಿರಿ. ಕಾಗದವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಜೋಪಾನವಾಗಿ ಇಟ್ಟಿದ್ದೇನೆ. ಮಾಸ್ತರರು ಪ್ರತಿ ರವಿವಾರ ಫೋನು ಮಾಡಿ, "ಏನರ ಗೊತ್ತಾತೇನ್ರಿ?" ಎಂದು ಕೇಳುತ್ತಾರೆ.